ಬಂದೂಕಿಗೊಂದು ಸ್ವದೇಶಿ ಹಿಡಿ

ನಾನು ಸುಲಭಕ್ಕೆ ನಗುವ ಹೆಂಗಸಲ್ಲ. ನನ್ನ ಕೆಲಸವೂ ನಗುವಂಥದ್ದಲ್ಲ. ಆದರೂ ನಗು ತರಿಸುವ ಪ್ರಸಂಗಗಳು ಊರೆಲ್ಲ ಬಿಟ್ಟು ನನ್ನ ಮೇಜಿನ ಮುಂದೆಯೇ ಬಂದು ಯಾಕೆ ಕೂರುತ್ತವೋ ದೇವರಿಗೇ ಗೊತ್ತು. ನಮ್ಮನೆಯವರು ಹೇಳುತ್ತಾರೆ, "ನೀನು ಮುಖ ಗಂಟು ಹಾಕ್ಕೊಂಡು ಕೂತಿರ್ತೀಯಲ್ಲ, ಅದಕ್ಕೇ ನಿನ್ನನ್ನ ಹುಡುಕ್ಕೊಂಡು ಬರತ್ತೆ" ಅಂತ. ಇರಬಹುದು. ಕೆಳಗಿನವೆಲ್ಲ ಹೆಚ್ಚುಕಡಿಮೆ ಒಂದೇ ಬಂದೂಕಿನ ಸುತ್ತ ನಡೆದದ್ದು. ನಡೆಯುವಾಗ ನನಗೆ ಒಂದಕ್ಕೂ ನಗು ಬರಲಿಲ್ಲ, ಹೆದರಿಕೆಯೇ ಆಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಾರ್ಡ್‌ವೇರು

ಕ್ಯಾಲಿಫೋರ್ನಿಯಾದ ಹೇವರ್ಡಿನ ಗೋದಾಮುಗಳ ಸಾಲಿನಲ್ಲಿ, ಟೈಲ್ಸ್ ಮಾರುವವರಿಗೂ ಬೇಕರಿಗಳಿಗೆ ಹಿಟ್ಟು ಕಳಿಸುವವರಿಗೂ ನಡುವೆ, ಬಂದೂಕು ರಿಪೇರಿಯ ಅಂಗಡಿಯೊಂದಿದೆ. ಅಲ್ಲಿ ನನ್ನದು ಕಂಪ್ಲೈಯನ್ಸು ಕೆಲಸ. ಅಂದರೆ, ಯಾವ ಬಂದೂಕಿಗೆ ಏನು ಬದಲಾಯಿಸಿದರೆ ಯಾವ ಕಾನೂನು ಮುರಿಯುತ್ತದೆ ಅನ್ನುವುದನ್ನು ಅದು ಮುರಿಯುವ ಮೊದಲೇ ಹೇಳುವುದು. ನಾನು ಮೈಸೂರಿನ ಅಗ್ರಹಾರದಲ್ಲಿ ಬೆಳೆದವಳು. ನಮ್ಮ ಮನೆಯಲ್ಲಿದ್ದ ಅತಿ ಅಪಾಯಕಾರಿ ಆಯುಧವೆಂದರೆ ಈಳಿಗೆಮಣೆ. ಇವತ್ತಿನವರೆಗೆ ನಾನು ಒಂದು ಗುಂಡೂ ಹಾರಿಸಿದವಳಲ್ಲ. ಮೊದಲು ಒಂದು ಔಷಧಿ ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೆ, ಅದು ಬೇರೆ ರಾಜ್ಯಕ್ಕೆ ಎದ್ದುಹೋಯಿತು. ಬಂದೂಕಿನಂಗಡಿಯ ಮುದುಕ ಯಜಮಾನ ಇಂಟರ್‌ವ್ಯೂಗೆ ಕರೆದಾಗ, ಬಾಗಿಲ ಮೇಲೆ ಅಂಟಿಸಿದ್ದ ನೋಟೀಸು ಹಳೆಯದಾಗಿದೆ, ನಿಯಮ ಬದಲಾಗಿದೆ ಅಂದೆ. ಅವನು ಎದ್ದು ಹೋಗಿ ಅದನ್ನು ಕಿತ್ತು ತಂದು ನನ್ನ ಕೈಗೇ ಕೊಟ್ಟ. ಇಂಟರ್‌ವ್ಯೂ ಅಷ್ಟೇ.

ಇದನ್ನೆಲ್ಲ ನೆಂಟರಿಷ್ಟರಿಗೆ ಹೇಗೆ ಹೇಳುವುದು? ನಮ್ಮನೆಯವರು ಯೋಚನೆ ಮಾಡಿ, "ಹಾರ್ಡ್‌ವೇರಲ್ಲಿ ಕೆಲಸ ಅನ್ನು. ಸುಳ್ಳಂತೂ ಅಲ್ಲ" ಅಂದರು. ಈ ಬೇ ಏರಿಯಾದಲ್ಲಿ ಹಾರ್ಡ್‌ವೇರು ಅಂದರೆ ಸುತ್ತಿಗೆ, ಮೊಳೆ ಅಂತ ತಿಳಿಯುವವರು ಒಬ್ಬರೂ ಇಲ್ಲ.

ಒಂದು ಗೃಹಪ್ರವೇಶದಲ್ಲಿ ಕಂಪ್ಯೂಟರ್ ಚಿಪ್ಪು ಡಿಸೈನು ಮಾಡುವ ಮಹನೀಯರೊಬ್ಬರು ಕೋಸಂಬರಿ ತಟ್ಟೆ ಹಿಡಿದು ಪಕ್ಕಕ್ಕೆ ಬಂದು ಕೂತರು.

"ಹಾರ್ಡ್‌ವೇರಲ್ಲಿ ಯಾವ ಸೈಡು ಮೇಡಂ?"

"ಅಸೆಂಬ್ಲಿ ಆದ್ಮೇಲೆ ಎಲ್ಲ ಸರಿ ಇದ್ಯಾ ನೋಡ್ತೀನಿ."

"ಓ, ವೆರಿಫಿಕೇಶನ್ನು! ಯಾವ ಟೂಲು?"

"ಭೂತಗನ್ನಡಿ."

ಅವರು ಮೆಚ್ಚಿಗೆಯಿಂದ ತಲೆದೂಗಿದರು. ಆಮೇಲೆ ದನಿ ತಗ್ಗಿಸಿ, "ಈಗ ಎಲ್ಲ ಕಡೆ ಕೆಲಸದ ಪರಿಸ್ಥಿತಿ ಸರಿ ಇಲ್ಲ. ನಿಮ್ಮಲ್ಲೂ ಫೈರಿಂಗ್ ನಡೀತಿದ್ಯಾ?" ಅಂದರು.

"ವಾರಾವಾರ ಇರತ್ತೆ. ಶುಕ್ರವಾರ ಹಿಂದಿನ ಕೋಣೇಲಿ ಮಾಡ್ತಾರೆ. ಬಾಗಿಲು ಹಾಕ್ಕೊಂಡು."

ಪಾಪ, ಅವರ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ನಮ್ಮಲ್ಲಿ ಈಮೇಲಾದ್ರೂ ಕಳಿಸ್ತಾರೆ" ಅಂದರು.

ಡಾಕ್ಟರ ಭಾನುವಾರ

ಒಂದು ಶನಿವಾರ ಅಂಗಡಿಗೆ ಬಂದವರನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ನಮ್ಮ ಕನ್ನಡ ಸಂಘದ ಡಾಕ್ಟರು! ಲಾಸ್ ಆಲ್ಟೋಸಿನಲ್ಲಿ ಮನೆ, ಮೊಣಕಾಲು ಬದಲಾಯಿಸುವುದರಲ್ಲಿ ಎತ್ತಿದ ಕೈ, ಧಾರವಾಡದ ಕಡೆಯವರು. ಅವರ ಎದೆಯೂ ಅಷ್ಟೇ ಜೋರಾಗಿ ಧಸಕ್ಕೆಂದಿರಬೇಕು. ಹೆಗಲಲ್ಲಿ ಬಂದೂಕಿನ ಚೀಲ ಇತ್ತು.

"ಮೇಡಂ, ನೀವು ಹಾರ್ಡ್‌ವೇರು ಅಂದಿದ್ರಿ."

"ನೀವು ವೀಕೆಂಡು ಗಾಲ್ಫು ಅಂದಿದ್ರಿ ಡಾಕ್ಟ್ರೆ."

ಅವರು ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಅವರು ಚೀಲ ಬಿಚ್ಚಿದರು. ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವ ಆಟ ಅವರಿಗೆ ಹುಚ್ಚು. ಯುರೋಪಿನಿಂದ ಬಂದ ಸೆಮಿ-ಆಟೊಮ್ಯಾಟಿಕ್ ಶಾಟ್‌ಗನ್ನು, ಲೈಸೆನ್ಸು, ಕಾಗದ ಎಲ್ಲ ಸರಿಯಾಗಿಯೇ ಇತ್ತು. ಈಗ ಇನ್ನೊಂದು ಥರದ ಸ್ಪರ್ಧೆಗೆ ಇಳಿಯಬೇಕು, ಅದಕ್ಕೆ ಗುಂಡು ತುಂಬುವ ಕೊಳವೆ ಉದ್ದ ಬೇಕು. ಆ ಉದ್ದದ ಕೊಳವೆಯನ್ನು ಕೊಂಡು ತಂದೂ ಆಗಿತ್ತು. "ನಾಳೆ ಭಾನುವಾರ, ಗ್ಯಾರೇಜಲ್ಲಿ ಕೂತು ನಾನೇ ಹಾಕ್ಕೋತೀನಿ. ಇದು ಬಿಗಿಯೋಕೆ ಯಾವ ಸ್ಪ್ಯಾನರು ಅಂತ ಹೇಳಿಬಿಡಿ ಸಾಕು. ನಾನು ಮನುಷ್ಯರ ಮಂಡಿನೇ ಬಿಚ್ಚಿ ಕೂರಿಸ್ತೀನಿ" ಅಂದರು.

ನಾನು ಕೊಳವೆಯನ್ನು ಅವರ ಕೈಯಿಂದ ತೆಗೆದುಕೊಂಡೆ. ಕಿತ್ತುಕೊಂಡೆ ಅಂದರೂ ತಪ್ಪಿಲ್ಲ.

ವಿಷಯ ಇಷ್ಟು. ಹೊರದೇಶದ ಇಂಥ ಶಾಟ್‌ಗನ್ನು ಬೇಟೆಗೆ, ಆಟಕ್ಕೆ ಒಪ್ಪುವ ಒಂದು ರೂಪದಲ್ಲಿ ಈ ದೇಶದೊಳಕ್ಕೆ ಬಂದಿರುತ್ತದೆ. ಹಾಗೇ ಇದ್ದರೆ ಯಾರ ತಕರಾರೂ ಇಲ್ಲ. ಕೊಳವೆ ಉದ್ದ ಮಾಡಿದರೆ ರೂಪ ಬದಲಾಯಿತು. ಆಗ ಕಾನೂನು ಒಂದು ಪಟ್ಟಿ ಹಿಡಿದು ಕೇಳುತ್ತದೆ, ಇದರಲ್ಲಿ ವಿದೇಶಿ ಭಾಗ ಎಷ್ಟು? ಹತ್ತರ ತನಕ ನಡೆಯುತ್ತದೆ. ಅದಕ್ಕೆ ಒಂದು ಹೆಚ್ಚಾದರೂ ಅಪರಾಧ. ಡಾಕ್ಟರ ಬಂದೂಕಿನಲ್ಲಿ ಹದಿಮೂರಿತ್ತು. ಮೂರನ್ನು ಅಮೆರಿಕದಲ್ಲಿ ತಯಾರಾದವುಗಳಿಂದ ಬದಲಾಯಿಸಬೇಕು. ಅದು ಮುಗಿದ ಮೇಲೆಯೇ ಕೊಳವೆ, ಮೊದಲಲ್ಲ. ಜೊತೆಗೆ ಕ್ಯಾಲಿಫೋರ್ನಿಯಾದ ನಿಯಮ ಬೇರೆ, ಅದನ್ನೂ ನೋಡಬೇಕು.

"ಅಯ್ಯೋ, ಯಾರು ಎಣಿಸ್ತಾರೆ ಮೇಡಂ?"

"ನಿಮ್ಮದು ಗ್ರೀನ್ ಕಾರ್ಡಾ, ಸಿಟಿಜನ್ನಾ?"

"ಗ್ರೀನ್ ಕಾರ್ಡು. ದಸರಾ ಆದ್ಮೇಲೆ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇದೆ."

"ಅಲ್ಲಿ ಪ್ರಮಾಣ ಮಾಡಿಸಿ ಕೇಳ್ತಾರೆ ಡಾಕ್ಟ್ರೆ. ಯಾವತ್ತಾದ್ರೂ ಅಪರಾಧ ಮಾಡಿದೀರಾ, ಸಿಕ್ಕಿಬೀಳದೇ ಇದ್ರೂ ಹೇಳಿ ಅಂತಾರೆ. ಬಂದೂಕಿನ ಕೇಸಾದ್ರೆ ಸಿಟಿಜನ್‌ಶಿಪ್ಪು ಹಾಗಿರಲಿ, ಇರೋ ಕಾರ್ಡೂ ಹೋಗಬಹುದು. ಒಂದು ಭಾನುವಾರ ಮಧ್ಯಾಹ್ನದ ಕೆಲಸಕ್ಕೆ."

ಅವರು ಕೂತರು. ಹೆಂಡತಿ ಆಗಲೇ ಸಿಟಿಜನ್ನು, ಮಗಳು ಇಲ್ಲೇ ಹುಟ್ಟಿದವಳು. ಮನೆಯಲ್ಲಿ ಬಾಕಿ ಉಳಿದವರು ಇವರೊಬ್ಬರೇ. ಈ ಮನುಷ್ಯ ಎಷ್ಟು ವರ್ಷ ಕಾದಿದ್ದಾರೆ ಅನ್ನುವುದು ನನಗೆ ಗೊತ್ತಿತ್ತು. ನಾನೂ ಕಾದವಳೇ. ಕೊಳವೆಯನ್ನು ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಬಂದೂಕನ್ನು ಯಜಮಾನ ಒಳಗಿಟ್ಟುಕೊಂಡ.

ಬಾಗಿಲ ಬಳಿ ಹೋದ ಡಾಕ್ಟರು ತಿರುಗಿ ನಿಂತರು. "ಅಂದ್ರೆ ಮೂರು ಭಾಗ ಬದಲಾಯಿಸಿದ್ರೆ ಬಂದೂಕು ಒಂದೇ ಮಧ್ಯಾಹ್ನದಲ್ಲಿ ಇಲ್ಲಿಯದಾಗಿಬಿಡತ್ತೆ. ನನಗೆ ಮಾತ್ರ ಯಾಕೆ ಇಷ್ಟು ವರ್ಷ?"

"ನಿಮ್ಮದು ಎಲ್ಲಾ ಒರಿಜಿನಲ್ ಪಾರ್ಟಲ್ವಾ ಡಾಕ್ಟ್ರೆ" ಅಂದೆ.

ಸ್ಟಾಕು

ಮೂರು ಭಾಗಗಳಲ್ಲಿ ಎರಡು ಅಂಗಡಿಯಲ್ಲೇ ಸಿಕ್ಕವು. ಉಳಿದದ್ದು ಹೆಗಲಿಗೆ ಆನಿಸುವ ಹಿಡಿ. ನಮ್ಮ ಕಸುಬಿನಲ್ಲಿ ಅದಕ್ಕೆ ಸ್ಟಾಕು ಅನ್ನುತ್ತಾರೆ. ಡಾಕ್ಟರು ಸ್ವಲ್ಪ ಕುಳ್ಳು, ಸಿದ್ಧವಾಗಿ ಸಿಗುವ ಹಿಡಿ ಅವರ ತೋಳಿಗೆ ಉದ್ದವಾಗುತ್ತಿತ್ತು. ಅಳತೆಗೆ ಮಾಡಿಸಬೇಕು, ತಡವಾಗುತ್ತದೆ ಅಂತ ಯಜಮಾನ ಹೇಳಿದ.

ಆ ವಾರದ ಕೊನೆಗೆ ಕನ್ನಡ ಸಂಘದ ಪಾಟ್‌ಲಕ್ಕು, ಮನೆಗೊಂದು ಅಡಿಗೆ ತಂದು ಎಲ್ಲರೂ ಹಂಚಿಕೊಂಡು ಉಣ್ಣುವ ಊಟ. ಬಿಸಿಬೇಳೆಬಾತಿನ ಪಾತ್ರೆಯ ಹತ್ತಿರ ಡಾಕ್ಟರು ಸಿಕ್ಕರು. ಅಕ್ಕಪಕ್ಕ ಜನ ಇದ್ದರು. ಬಂದೂಕು ಅನ್ನುವ ಪದ ಬರದ ಹಾಗೆ ಇಬ್ಬರೂ ಎಚ್ಚರ ವಹಿಸಿ ಮಾತಾಡಿದೆವು.

"ಫಾರಿನ್ ಸ್ಟಾಕು ಇಟ್ಕೊಂಡ್ರೆ ನಿಮಗೇ ತೊಂದರೆ ಡಾಕ್ಟ್ರೆ. ತೆಗೆದುಹಾಕಿ."

"ಡೊಮೆಸ್ಟಿಕ್ ಸ್ಟಾಕು ಯಾವುದು ಒಳ್ಳೇದು?"

"ಯಾವುದಾದ್ರೂ ಗಟ್ಟಿಯಾಗಿರೋದು. ಆದ್ರೆ ಫೋಲ್ಡ್ ಆಗೋ ಸ್ಟಾಕು ಮಾತ್ರ ಮುಟ್ಟಬೇಡಿ. ಈ ಕ್ಯಾಲಿಫೋರ್ನಿಯಾದಲ್ಲಿ ಅದು ಬಹಳ ಅಪಾಯ."

ಹಿಂದೆ ಹಪ್ಪಳ ಮುರಿಯುವ ಸದ್ದು ನಿಂತಿತು. ತಿರುಗಿ ನೋಡಿದರೆ ಐದಾರು ಗಂಡಸರು ತಟ್ಟೆ ಹಿಡಿದು ಅರ್ಧಚಂದ್ರಾಕಾರವಾಗಿ ನಿಂತಿದ್ದಾರೆ. ಒಬ್ಬರು ಫೋನು ತೆಗೆದು ಬರೆದುಕೊಳ್ಳುತ್ತಿದ್ದರು. "ಮೇಡಂ, ಯಾವುದು ಫೋಲ್ಡ್ ಆಗತ್ತೆ ಅಂತ ಮೊದಲೇ ಹೇಗೆ ಗೊತ್ತಾಗತ್ತೆ?" ಅಂತ ಕೇಳಿದವರು ಅದೇ ಚಿಪ್ಪಿನ ಮಹನೀಯರು.

"ಕೀಲು ಇರತ್ತೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಗೊತ್ತಾಗತ್ತೆ" ಅಂದುಬಿಟ್ಟೆ, ಅಭ್ಯಾಸ ಬಲದಿಂದ.

"ಎಂಥಾ ಮಾತು!" ಅಂದರು ಅವರು. "ಫಂಡಮೆಂಟಲ್ಸು ಅಲ್ಲಾಡಿಸಿ ನೋಡ್ಬೇಕು ಅಂತ!"

ತಿಂಗಳ ನಂತರ ಆ ಮಹನೀಯರ ಹೆಂಡತಿ ನಮ್ಮ ಮನೆಗೆ ಒಂದು ಡಬ್ಬಿ ಮೈಸೂರ್‌ಪಾಕು ಕಳಿಸಿದರು. ನನ್ನ ಮಾತು ಕೇಳಿ ಅವರು ಯಾವುದೋ ಕಂಪನಿಯ ಷೇರು ಮಾರಿದರಂತೆ, ಮರುವಾರವೇ ಅದು ಬಿದ್ದುಹೋಯಿತಂತೆ. ನಾನು ನಿಜ ಹೇಳಬೇಕೆಂದು ಫೋನೆತ್ತಿದೆ. ನಮ್ಮನೆಯವರು ಡಬ್ಬಿ ಮುಚ್ಚಳ ತೆಗೆಯುತ್ತ, "ಕಾನೂನು ಪಾಲಿಸಿದೋರಿಗೆ ಒಳ್ಳೇದಾಯ್ತು, ಬಿಡು" ಅಂದರು.

ತೂತು

ಡಾಕ್ಟರು ಪ್ರತಿ ಭಾನುವಾರ ಧಾರವಾಡದ ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಾರೆ. ದಸರೆಗೆ ಆ ತಾಯಿ ಇಲ್ಲಿಗೆ ಹೊರಟಿದ್ದರು. "ಯಾಕೋ ದನಿ ಸಣ್ಣಗದ?" ಅಂತ ತಾಯಿ ಕೇಳಿದಾಗ ಇವರು ಕಷ್ಟ ಹೇಳಿಕೊಂಡರಂತೆ. "ಬಂದೂಕಿಗೆ ಒಂದು ಕಟಗೀ ಹಿಡಿ ಬೇಕಾಗೇದ ಅವ್ವ. ವಿದೇಶಿ ನಡಿಯೂದಿಲ್ಲ. ಸ್ವದೇಶೀನ ಆಗಬೇಕಂತ, ಇಲ್ಲಂದ್ರ ನನ್ನ ಸಿಟಿಜನ್‌ಶಿಪ್ಪಿಗೇ ಕುತ್ತು."

ಇದರಲ್ಲಿ ತಪ್ಪು ಯಾವುದು ಅಂತ ಹೇಳಿ ನೋಡೋಣ. ಡಾಕ್ಟರ ಪ್ರಕಾರ ಒಂದೂ ಇಲ್ಲ. ಧಾರವಾಡದ ಕಿವಿಗೆ ಸ್ವದೇಶಿ ಅಂದರೆ ಒಂದೇ ಅರ್ಥ. ಆ ತಾಯಿಗೆ ಹೆಮ್ಮೆಯಿಂದ ಕಣ್ಣಲ್ಲಿ ನೀರು ಬಂತಂತೆ. ಅಮೆರಿಕದ ಸರಕಾರವೇ ಸ್ವದೇಶಿ ಕೇಳುತ್ತಿದೆ! ಮಗ ಬಂದೂಕು ಹಿಡಿದು ನಿಂತ ಫೋಟೋ ಇತ್ತು. ಅದನ್ನು ತೆಗೆದುಕೊಂಡು ಅವರು ಸೀದಾ ಕಲಘಟಗಿಗೆ ಹೋದರು, ತೊಟ್ಟಿಲು ಮಾಡುವ ಬಡಿಗೇರರ ಮನೆಗೆ. ಡಾಕ್ಟರು ಮಲಗಿದ್ದ ತೊಟ್ಟಿಲೂ ಆ ಮನೆಯದೇ.

ಇದ್ಯಾವುದೂ ನಮಗೆ ಗೊತ್ತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಿಂದ ಡಾಕ್ಟರ ಫೋನು ಬಂದಾಗ ನಾನು ಊಟಕ್ಕೆ ಕೂತಿದ್ದೆ.

"ಮೇಡಂ, ಅವ್ವನ್ನ ಒಳಗೇ ಕೂರಿಸಿಕೊಂಡಿದಾರೆ. ಪೆಟ್ಟಿಗೇಲಿ ಏನಿದು ಅಂತ ಆಫೀಸರು ಕೇಳಿದ್ದಕ್ಕೆ ನನ್ನ ಮಗನ ಬಂದೂಕಿಂದು ಅಂದುಬಿಟ್ಟಿದಾಳೆ. ಮಗನ ಹೆಸರು, ಅಡ್ರೆಸ್ಸು ಎಲ್ಲ ಕೊಟ್ಟಿದಾಳೆ. ನನ್ನನ್ನೂ ಒಳಗೆ ಕರೀತಿದಾರೆ. ಬರೋ ವಾರ ಇಂಟರ್‌ವ್ಯೂ!"

ತಟ್ಟೆ ಬಿಟ್ಟು ಎದ್ದೆ. ಬಂದೂಕಿನ ಭಾಗವನ್ನು ಸುಮ್ಮನೆ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುವುದಕ್ಕೆ ಇಲ್ಲಿ ಬೇರೆಯೇ ಕಾನೂನುಗಳಿವೆ. ಆ ಕ್ಷಣಕ್ಕೆ ನನಗೆ ಹೊಳೆದದ್ದು ಒಂದೇ ಪ್ರಶ್ನೆ.

"ಡಾಕ್ಟ್ರೆ, ಅದರಲ್ಲಿ ತೂತು ಇದ್ಯಾ?"

"ಏನು?"

"ತೂತು! ಬಂದೂಕಿಗೆ ಕೂರಿಸೋಕೆ ಒಳಗೆ ಉದ್ದಕ್ಕೆ ಕೊರೆದಿರಬೇಕು. ಕೊರೆದಿದ್ರೆ ಬಂದೂಕಿನ ಭಾಗ. ಇಲ್ಲದಿದ್ರೆ ಅದು ಬರೀ ಮರ."

ಗಾಜಿನ ಆಚೆಯಿಂದ ಅವರು ಬಗ್ಗಿ ನೋಡಿದರಂತೆ. ಅಷ್ಟರಲ್ಲಿ ಆಫೀಸರು ತಾನೇ ಅದನ್ನು ಎತ್ತಿ, ತಿರುಗಿಸಿ, ಟಾರ್ಚು ಹಿಡಿದು ಹುಡುಕುತ್ತಿದ್ದ. ಬಡಿಗೇರರು ಫೋಟೋ ನೋಡಿ ಮಾಡಿದ್ದು. ಫೋಟೋದಲ್ಲಿ ತೂತು ಕಾಣುವುದಿಲ್ಲ. ಇಡೀ ತೇಗದ ಗಟ್ಟಿ ತುಂಡು, ಮೇಲೆ ಅರಗಿನ ಬಣ್ಣ, ಕೆಂಪು ನೆಲದ ಮೇಲೆ ಹಸಿರು ಬಳ್ಳಿ, ಬಳ್ಳಿಯ ಮೇಲೆ ಎದುರುಬದುರು ಎರಡು ಗಿಳಿ. ಆಫೀಸರು ಮೇಲಿನವರನ್ನು ಕರೆದ. ಮೇಲಿನವರು ಬಂದು ಗಿಳಿಗಳನ್ನು ನೋಡಿದರು. ಇದು ಯಾವ ಬಂದೂಕಿಗೂ ಕೂರುವಂಥದ್ದಲ್ಲ, ಅಲಂಕಾರದ ವಸ್ತು ಅಂತ ತೀರ್ಮಾನವಾಯಿತು.

ಎಲ್ಲ ಮುಗಿಯಿತು ಅನ್ನುವಾಗ ಅಧಿಕಾರಿಯ ಕೈ ಪೆಟ್ಟಿಗೆಯ ತಳಕ್ಕೆ ಹೋಯಿತು. ಅಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಡು ಕಟ್ಟು ಹಸಿ ಕರಿಬೇವು. ಅದನ್ನು ಕೈಗವಸು ಹಾಕಿಕೊಂಡು ಎತ್ತಿದರಂತೆ.

ಅಮ್ಮನವರು ಹೊರಗೆ ಬಂದವರೇ ಮಗನಿಗೆ ಹೇಳಿದ ಮೊದಲ ಮಾತು: "ಎಂಥಾ ದೇಶೋ ಇದು! ಬಂದೂಕು ಅಂದ್ರೂ ಬಿಟ್ಟರು. ಕರಿಬೇವು ಹಿಡಕೊಂಡರು."

ಗಿಳಿ

ಮೂರನೆಯ ದಿನ ಡಾಕ್ಟರು ತಾಯಿಯನ್ನು ಅಂಗಡಿಗೆ ಕರೆತಂದರು. ಕರೆತಂದರು ಅನ್ನುವುದಕ್ಕಿಂತ, ಆಕೆ ಬಿಡಲಿಲ್ಲ. ಇಳಕಲ್ ಸೀರೆ, ಕಾಲಲ್ಲಿ ಮೊಮ್ಮಗಳ ಸ್ಪೋರ್ಟ್ಸ್ ಶೂ, ಕೈಯಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಹಿಡಿ. "ಈಕೀನ ಏನು ತೂತಿನ ತಂಗಿ?" ಅಂತ ನನ್ನನ್ನು ನೋಡಿ ಕೇಳಿದರು. ಹೌದು ಅನ್ನದೆ ಗತಿಯಿರಲಿಲ್ಲ.

ನಮ್ಮ ಅಂಗಡಿಯ ಯಜಮಾನ ಕಡಿಮೆ ಮಾತಿನವನು. ಟವೆಲು ಬಿಚ್ಚಿದಾಗ ಅವನು ಟೋಪಿ ತೆಗೆದ. ಭೂತಗನ್ನಡಿ ಹಿಡಿದು ಒಂದು ಗಿಳಿಯಿಂದ ಇನ್ನೊಂದು ಗಿಳಿಯವರೆಗೆ ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಒಂದೇ ಪದ ಹೇಳಿದ.

"ಏನಂತಾನ?" ಅಂದರು ಅಮ್ಮ.

"ವಿದೇಶಿ ಅಂತಾರೆ ಅಮ್ಮ."

"ಯಾವುದು? ಕಲಘಟಗಿದು ವಿದೇಶಿ?" ಅವರ ದನಿ ಏರಿತು. "ಸ್ವದೇಶಿ ಬೇಕು ಅಂತ ಇವನ ಬಾಯಾರೆ ಹೇಳ್ಯಾನ. ನಮ್ಮ ಕಟಗಿ, ನಮ್ಮ ಬಡಿಗೇರ, ನಮ್ಮ ಅರಗು. ಇದಕ್ಕಿಂತ ಸ್ವದೇಶಿ ಇನ್ನೇನು ಬೇಕು ನಿಮಗ?"

ಡಾಕ್ಟರು ಗೋಡೆ ನೋಡುತ್ತಿದ್ದರು. ನಾನೇ ಹೇಳಬೇಕಾಯಿತು. "ಇಲ್ಲಿ ಸ್ವದೇಶಿ ಅಂದ್ರೆ ಅಮೆರಿಕದ್ದು ಅಮ್ಮ. ನಮ್ಮೂರಿಂದೆಲ್ಲ ಇಲ್ಲಿಗೆ ವಿದೇಶಿ."

ಅಮ್ಮ ಟವೆಲು ಪಕ್ಕಕ್ಕೆ ಸರಿಸಿದರು. ಗಿಳಿಗಳ ಮೇಲೆ ಕೈಯಾಡಿಸಿದರು. ಆಮೇಲೆ ಮಗನ ಕಡೆ ಬೆರಳು ತೋರಿಸಿ, "ಮುಂದಿನ ವಾರ ಇವಾ ಅಲ್ಲಿ ಹೋಗಿ ಪಾಸಾದ ಅಂದ್ರ, ಇವಾ ಏನು ಹಂಗಾದ್ರ? ಸ್ವದೇಶಿಯೋ, ವಿದೇಶಿಯೋ?" ಅಂತ ಕೇಳಿದರು.

ಡಾಕ್ಟರ ಕಣ್ಣು ಕೆಂಪಾಗಿತ್ತು, ನನ್ನದೂ. ಏನೂ ಅರ್ಥವಾಗದ ಯಜಮಾನ ಒಳಗೆ ಹೋಗಿ ಅಮ್ಮನಿಗೊಂದು ಕುರ್ಚಿ ತಂದು ಹಾಕಿದ.

ಕುರ್ಚಿ ಕೊಟ್ಟವನ ಮೇಲೆ ಅಮ್ಮನಿಗೆ ಅಭಿಮಾನ ಬಂತು. ಅವತ್ತು ಆಯುಧಪೂಜೆ. ಅವರು ಸೊಂಟದ ಸಂಚಿಯಿಂದ ಕುಂಕುಮ ತೆಗೆದು ಅವನ ಸುತ್ತಿಗೆ, ಅರ, ಬೆಂಚಿಗೆ ಬಿಗಿದ ವೈಸು, ಕೊನೆಗೆ ನನ್ನ ಭೂತಗನ್ನಡಿಗೂ ಇಟ್ಟರು. ಡಾಕ್ಟರ ಬಂದೂಕಿನ ಮುಂದೆ ನಿಂತು, "ಇದಕ್ಕ ಹಚ್ಚಬಹುದೋ, ಇಲ್ಲಾ ಅದಕ್ಕೂ ಲೆಕ್ಕದಾಗ ಒಂದು ಕೂಡತದೋ?" ಅಂದರು. ನಾನು ಅನುವಾದಿಸಿದೆ. ಯಜಮಾನ ಗಂಭೀರವಾಗಿ ಯೋಚಿಸಿ, ಕುಂಕುಮ ಪಟ್ಟಿಯಲ್ಲಿ ಇಲ್ಲ, ಧಾರಾಳವಾಗಿ ಹಚ್ಚಬಹುದು ಅಂದ.

ಹಿಡಿಯನ್ನು ಅಮ್ಮ ಅವನಿಗೇ ಕೊಟ್ಟು ಹೋದರು. ಈಗ ಅದು ಕೌಂಟರಿನ ಹಿಂದಿನ ಗೋಡೆಯ ಮೇಲಿದೆ. ಬಂದ ಗಿರಾಕಿಗಳೆಲ್ಲ ಅದೇ ಬೇಕು ಅನ್ನುತ್ತಾರೆ. ಕೆಳಗೆ ಯಜಮಾನ ತನ್ನ ಕೈಯಾರೆ ಒಂದು ಚೀಟಿ ಬರೆದು ಅಂಟಿಸಿದ್ದಾನೆ: "ಮಾರಾಟಕ್ಕಿಲ್ಲ. ತೂತು ಕೊರೆಯುವುದಿಲ್ಲ. ಕೇಳಬೇಡಿ."

ಒಂದೇ ಪದ

ಅಳತೆಯ ಹಿಡಿ ಬಂತು. ಕಪ್ಪು ಪ್ಲಾಸ್ಟಿಕ್ಕಿನದು, ಗಿಳಿ ಇಲ್ಲ, ಅಪ್ಪಟ ಅಮೆರಿಕದ್ದು. ಯಜಮಾನ ಮೂರೂ ಭಾಗ ಕೂರಿಸಿದ, ನಾನು ಎರಡು ಸಲ ಎಣಿಸಿದೆ, ಆಮೇಲೆ ಡ್ರಾಯರಿನ ಬೀಗ ತೆಗೆದು ಕೊಳವೆ ಕೊಟ್ಟೆ. ಆದರೂ ಬಂದೂಕನ್ನು ಇಂಟರ್‌ವ್ಯೂ ಮುಗಿಯುವ ತನಕ ಅಂಗಡಿಯಿಂದ ಹೊರಗೆ ಬಿಡಲಿಲ್ಲ. ಡಾಕ್ಟರಿಗೆ ನಾನು ಹೇಳಿಕೊಟ್ಟದ್ದು ಇಷ್ಟೇ, ಕೇಳಿದ್ದಕ್ಕೆ ನಿಜ ಹೇಳಿ, ಚಿಕ್ಕದಾಗಿ ಹೇಳಿ.

ಇಂಟರ್‌ವ್ಯೂ ದಿನ ಬೆಳಿಗ್ಗೆಯಿಂದ ನನಗೆ ಕೆಲಸ ಓಡಲಿಲ್ಲ. ಮೈಸೂರಿನ ಚಾಮುಂಡಿಗೆ ಹರಕೆ ಹೊತ್ತೆ. ಒಂದು ಶಾಟ್‌ಗನ್ನಿನ ಸಲುವಾಗಿ ಆಕೆಗೆ ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.

ಒಳಗೆ ನಡೆದದ್ದನ್ನು ಡಾಕ್ಟರು ಆಮೇಲೆ ಹೇಳಿದರು. ಇತಿಹಾಸದ ಪ್ರಶ್ನೆಗಳೆಲ್ಲ ಸಲೀಸಾಗಿ ಆದವು. ಅಪರಾಧ ಮಾಡಿದ್ದೀರಾ? ಇಲ್ಲ. ಆ ಒಂದು "ಇಲ್ಲ" ಅನ್ನುವಾಗ ಭಾನುವಾರದ ಗ್ಯಾರೇಜು ಕಣ್ಣಮುಂದೆ ಬಂದು ಮೈ ಬೆವರಿತಂತೆ. ಬೆವರು ಒರೆಸಿಕೊಳ್ಳುತ್ತಿರುವಾಗಲೇ ಇಂಟರ್‌ವ್ಯೂ ಮಾಡುತ್ತಿದ್ದ ಹೆಣ್ಣುಮಗಳು ಮುಂದಿನ ಪ್ರಶ್ನೆ ಓದಿದಳು. ಕಾನೂನು ಬೇಡಿದರೆ ಅಮೆರಿಕದ ಪರವಾಗಿ ಆಯುಧ ಹಿಡಿಯಲು ಸಿದ್ಧರಿದ್ದೀರಾ?

ಎಲ್ಲರನ್ನೂ ಕೇಳುವ ಪ್ರಶ್ನೆಯೇ. ನನ್ನನ್ನೂ ಕೇಳಿದ್ದರು. ಯೆಸ್ ಅಂದು ಎದ್ದು ಬಂದಿದ್ದೆ.

ಡಾಕ್ಟರು ಯೆಸ್ ಅನ್ನಲಿಲ್ಲ. "ಆಯುಧ ಇಂಪೋರ್ಟೆಡ್ಡಾ?" ಅಂತ ಕೇಳಿದರು.

ಆಕೆ ಟೈಪು ಮಾಡುವುದನ್ನು ನಿಲ್ಲಿಸಿದಳು.

ಡಾಕ್ಟರಿಗೆ ತಡೆಯಲಾಗಲಿಲ್ಲ. ವಿದೇಶಿ ಭಾಗ ಹತ್ತಕ್ಕಿಂತ ಹೆಚ್ಚಿರಬಾರದು, ಹಿಡಿ ಇಲ್ಲಿಯದಾಗಿರಬೇಕು, ಕೊಳವೆ ಕೊನೆಗೆ ಹಾಕಬೇಕು, ಮೊದಲು ಎಣಿಸದೆ ತಾನು ಯಾವ ಆಯುಧವನ್ನೂ ಹಿಡಿಯುವುದಿಲ್ಲ ಅಂತ ನನ್ನ ಪಾಠವನ್ನೆಲ್ಲ ಒಪ್ಪಿಸಿಬಿಟ್ಟರು. ಆಕೆ ಕೊನೆಯವರೆಗೂ ಕೇಳಿಸಿಕೊಂಡಳು.

"ಸರ್," ಅಂದಳಂತೆ, ಬಹಳ ಸಮಾಧಾನದಿಂದ, "ಅಂಥ ದಿನ ಬಂದರೆ ಬಂದೂಕು ನಾವೇ ಕೊಡುತ್ತೇವೆ. ನೀವು ಎಣಿಸಬೇಕಾಗಿಲ್ಲ. ಯೆಸ್ ಅಂದರೆ ಸಾಕು."

ಒಂಬತ್ತು ಖಾಲಿ

ಡಾಕ್ಟರು ಪಾಸಾದರು. ಪ್ರಮಾಣವಚನ ಆದ ದಿನ ಲಾಸ್ ಆಲ್ಟೋಸಿನ ಮನೆಯಲ್ಲಿ ಊಟ, ನಮ್ಮಿಬ್ಬರನ್ನೂ ಕರೆದಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಗೋಧಿ ಹುಗ್ಗಿ. ಮೇಜಿನ ಮೇಲೆ ಹೂವಿನ ಜೊತೆ ಒಂದು ಪುಟ್ಟ ಅಮೆರಿಕದ ಬಾವುಟ. ಅಮ್ಮ ಅದರ ಕೋಲಿಗೂ ಕುಂಕುಮ ಇಟ್ಟಿದ್ದರು.

ಎಲ್ಲರೂ ನಗುತ್ತಿದ್ದರು. ಅಮ್ಮ ಮಾತ್ರ ಸ್ವಲ್ಪ ಮಂಕಾಗಿದ್ದರು. ಮಗ ತನ್ನ ಭಾರತದ ಪಾಸ್‌ಪೋರ್ಟನ್ನು ಇನ್ನು ವಾಪಸು ಕೊಡಬೇಕು ಅಂತ ಹೇಳಿದಾಗಿನಿಂದ ಹಾಗೆ. ಅವರಿಗೆ ಬೇಜಾರಾಗಿದೆ ಅಂತ ಎಲ್ಲರಿಗೂ ಗೊತ್ತಿತ್ತು.

ಮೊಮ್ಮಗಳು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದು ಕೀಟಲೆ ಮಾಡಿದಳು. "ಅಜ್ಜಿ, ನೌ ಯೂ ಆರ್ ದಿ ಓನ್ಲಿ ಇಂಪೋರ್ಟೆಡ್ ಪಾರ್ಟ್ ಇನ್ ದಿಸ್ ಹೌಸ್!"

ಒಂದು ಕ್ಷಣ ಎಲ್ಲರೂ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಅಮ್ಮನಿಗೆ ಇಂಗ್ಲಿಷು ಬರುವುದಿಲ್ಲ. ಆದರೆ ಇಂಪೋರ್ಟೆಡ್, ಪಾರ್ಟು ಎರಡೂ ಈಗ ಬರುತ್ತಿತ್ತು. ಸೀರೆಯ ಮೇಲಿಂದಲೇ ಎರಡೂ ಮೊಣಕಾಲು ತಟ್ಟಿದರು. "ಪೂರಾ ಅಲ್ಲವ್ವ. ಇವೆರಡೂ ಅಮೆರಿಕಾದ್ವು. ಆಪರೇಶನ್ನಿಗೆ ನಿಮ್ಮಪ್ಪನ ಆರಿಸಿ ಕಳಿಸ್ಯಾನ."

ಆಮೇಲೆ ಮೇಜಿನ ಸುತ್ತ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಸೊಸಿ ಸ್ವದೇಶಿ. ಮೊಮ್ಮಗಳು ಸ್ವದೇಶಿ. ಇವತ್ತ ಇವನೂ ಆದ. ಈ ಮನಿಯಾಗ ವಿದೇಶಿ ಅಂತ ಉಳದಾಕಿ ನಾ ಒಬ್ಬಾಕಿನ." ನನ್ನ ಕಡೆ ತಿರುಗಿದರು. "ತಂಗಿ, ಕಾಯ್ದೆ ತಿಳದಾಕಿ ನೀ. ಖರೇ ಹೇಳು. ನಾ ಇಲ್ಲಿ ನಡೀತೀನೋ ಇಲ್ಲೋ?"

ಅವರು ನಗುತ್ತಲೇ ಕೇಳಿದರು, ಆದರೆ ಅದು ನಗುವಿನ ಪ್ರಶ್ನೆಯಾಗಿರಲಿಲ್ಲ. ಡಾಕ್ಟರು ತಲೆ ತಗ್ಗಿಸಿದ್ದರು. ನಾನು ತಟ್ಟೆ ಪಕ್ಕಕ್ಕಿಟ್ಟೆ. ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆಯೇ, ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಹೇಳಿದೆ.

"ಧಾರಾಳವಾಗಿ ನಡೀತೀರಿ ಅಮ್ಮ. ಹತ್ತರ ತನಕ ಕಾನೂನಿನ ತಕರಾರಿಲ್ಲ. ಇನ್ನೂ ಒಂಬತ್ತು ಖಾಲಿ ಇದೆ."

ಅಮ್ಮನ ಮುಖ ಅರಳಿತು. ಮಗನ ಕಡೆ ತಿರುಗಿದರು.

"ಕೇಳಿದ್ಯೇನೋ? ಫೋನ್ ಹಚ್ಚು ನಿಮ್ಮ ಸೋದರಮಾವಗ. ಅವನ ಮನಿಯಾಗ ಬರೋಬ್ಬರಿ ಒಂಬತ್ತು ಮಂದಿ ಅದಾರ."